ಏಳು ಲಕ್ಷ ನಕ್ಷತ್ರ ವರಹ

ರಾಜಗೋಪಾಲನಗರದ ಮುಖ್ಯರಸ್ತೆ ಬಿಟ್ಟು ಪೀಣ್ಯ ಎರಡನೇ ಹಂತದ ಕಡೆಗೆ ಹೊರಳಿದರೆ ಒಂದರ ಬೆನ್ನಿಗೊಂದು ಶೆಡ್ಡು. ಲೇತಿನ ಕೀರಲು ಸದ್ದು, ಕೂಲೆಂಟ್ ಎಣ್ಣೆಯ ವಾಸನೆ, ಗೇಟಿನ ಮುಂದೆ ಗುಡ್ಡೆ ಬಿದ್ದ ಹಿತ್ತಾಳೆ ಸುರುಳಿ. ಅಂಥದೊಂದು ಶೆಡ್ಡಿನ ಮೂಲೆ ಮೇಜಿನಲ್ಲಿ ಕೂತು ನಾನು ಲೆಕ್ಕ ಬರೆಯುತ್ತೇನೆ. ನಮ್ಮ ಮಾಲಿನ ಒಂದು ಪಾಲು ಹೊರದೇಶಕ್ಕೆ ಹೋಗುತ್ತದೆ, ಬಿಲ್ಲು ಡಾಲರಿನಲ್ಲಿ. ಡಾಲರು ಬಂದ ದಿನ ಬ್ಯಾಂಕು ಅದನ್ನು ರೂಪಾಯಿ ಮಾಡಿ ಖಾತೆಗೆ ಹಾಕುತ್ತದೆ. ಬೆಳಿಗ್ಗೆ ಪೇಪರಿನಲ್ಲಿ ನೋಡಿದ ದರಕ್ಕಲ್ಲ, ಅದಕ್ಕಿಂತ ಒಂದಿಷ್ಟು ಪೈಸೆ ಕೆಳಗೆ. ಒಮ್ಮೆ ಈ ಕಡಿತದ ಬಗ್ಗೆ ನಾನು ಗೊಣಗುತ್ತಿದ್ದಾಗ ನಮ್ಮ ಹಿರಿಯ ಟರ್ನರ್ ಕೈಯ ಗ್ರೀಸು ಒರೆಸಿಕೊಳ್ಳುತ್ತ ಕೇಳಿದರು: "ವಟ್ಟ ಎಷ್ಟು ಹಿಡಿದರು ಸ್ವಾಮಿ?"

ಆ ಮಾತು ಕೇಳಿ ಎಷ್ಟೋ ಕಾಲವಾಗಿತ್ತು. ಒಂದು ನಾಣ್ಯ ಕೊಟ್ಟು ಇನ್ನೊಂದು ತೆಗೆದುಕೊಳ್ಳುವಾಗ ಶರಾಫ ಮುರಿದುಕೊಳ್ಳುತ್ತಿದ್ದ ಪಾಲಿಗೆ ವಟ್ಟ ಎಂದು ಹೆಸರು. ಸವೆದ ನಾಣ್ಯಕ್ಕೆ ಒಂದು ವಟ್ಟ, ಪರಸೀಮೆಯ ನಾಣ್ಯಕ್ಕೆ ಇನ್ನೊಂದು. ಬ್ಯಾಂಕಿನವರು ಈಗ ಅದಕ್ಕೆ ಮಾರ್ಜಿನ್ ಎನ್ನುತ್ತಾರೆ. ಹೆಸರು ಬದಲಾಗಿದೆ, ಕಸುಬು ಅದೇ. ಆ ಒಂದು ಪದದ ಬಾಲ ಹಿಡಿದು ಹೋದವನಿಗೆ ಸಿಕ್ಕಿದ್ದು ಮೈಸೂರು ಸಂಸ್ಥಾನದ ಒಂದು ಹಳೆಯ ಸಾಲಪತ್ರದಂಥ ಕಥೆ. ಎರಡು ರಾಜ್ಯ, ಎರಡು ನಾಣ್ಯ, ನಡುವೆ ಒಂದು ವಿನಿಮಯ ದರ. ನೂರು ವರ್ಷ ದಾಟಿದರೂ ಆ ಲೆಕ್ಕ ಚುಕ್ತಾ ಆಗಲಿಲ್ಲ.

ಕಥೆ ಹಿಡಿಯಬೇಕಾದರೆ ಮೊದಲು ನಾಣ್ಯ ನೋಡಬೇಕು. ಇವತ್ತು ನಾವು ಹಣ ಅಂದರೆ ದುಡ್ಡು ಎಂದು ತಿಳಿಯುತ್ತೇವೆ. ಹಿಂದೆ ಹಣ ಅನ್ನುವುದು ಒಂದು ನಾಣ್ಯದ ಹೆಸರು, ಅದೂ ಚಿನ್ನದ ನಾಣ್ಯ. 1638ರಿಂದ 1659ರವರೆಗೆ ಶ್ರೀರಂಗಪಟ್ಟಣದಲ್ಲಿ ಆಳಿದ ಕಂಠೀರವ ನರಸರಾಜ ಒಡೆಯರು ಅದನ್ನು ಅಚ್ಚು ಹಾಕಿಸಿದರು. ಹಾಗಾಗಿ ಅದು ಕಂಠೀರಾಯ ಹಣ. ಅಂಗೈಯಲ್ಲಿಟ್ಟರೆ ಹುರುಳಿಕಾಳಿನಷ್ಟು, ಅರ್ಧ ಗ್ರಾಮೂ ತೂಗದು. ಒಂದು ಮುಖದಲ್ಲಿ ನರಸಿಂಹ. ನಾಣ್ಯದ ಕಿರಿದಿಗೆ ದೇವರು ಬರೀ ಚುಕ್ಕಿ, ಗೆರೆಗಳಲ್ಲಿ ಕೂತಿರುತ್ತಾನೆ, ಭೂತಗನ್ನಡಿ ಬೇಕು. ಉಸಿರು ಜೋರಾಗಿ ಬಿಟ್ಟರೆ ಹಾರಿಹೋಗುವಂಥ ಈ ಚೂರನ್ನು ಸಂತೆಯಲ್ಲಿ ಎಣಿಸುತ್ತಿದ್ದವರ ಬೆರಳಿನ ಬಗ್ಗೆ ನನಗೆ ಈಗಲೂ ಆಶ್ಚರ್ಯ. ಹಣದ ಕೆಳಗೆ ಹಾಗ, ವೀಸ. ಮೇಲೆ ವರಹ: ಹತ್ತು ಹಣಕ್ಕೆ ಒಂದು ಕಂಠೀರಾಯ ವರಹ. ವಿಚಿತ್ರವೆಂದರೆ ಆ ವರಹ ಲೆಕ್ಕದ ಪುಸ್ತಕದಲ್ಲಿ ಮಾತ್ರ ಇತ್ತು. ಕಂದಾಯ, ಸಂಬಳ, ದಾನ ಎಲ್ಲವನ್ನೂ ವರಹದಲ್ಲೇ ಬರೆಯುತ್ತಿದ್ದರು. ಕೈಗೆ ಕೊಡುತ್ತಿದ್ದದ್ದು ಹಣ.

ಆಚೆ ಕಡೆ, ಮದರಾಸಿನಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ವರಹ ಬೇರೆ. ಬಿಳಿಯರು ಅದನ್ನು ಪಗೋಡ ಎನ್ನುತ್ತಿದ್ದರು. ಅದರ ಮೇಲೊಂದು ನಕ್ಷತ್ರ ಇದ್ದುದರಿಂದ ಸ್ಟಾರ್ ಪಗೋಡ, ನಮ್ಮ ಬಾಯಲ್ಲಿ ನಕ್ಷತ್ರ ವರಹ. ಇದು ಲೆಕ್ಕದ ವರಹವಲ್ಲ, ಕೈಗೆ ಸಿಗುವ ಚಿನ್ನ, ಸುಮಾರು ಮೂರೂಕಾಲು ಗ್ರಾಮಿನ ಮೇಲೆ. ದರ ಹೀಗಿತ್ತು: ಕಂಠೀರಾಯ ಹಣಕ್ಕೆ 4 ಆಣೆ 8 ಪೈ, ಅಂದರೆ ಕಂಠೀರಾಯ ವರಹಕ್ಕೆ 2 ರೂಪಾಯಿ 14 ಆಣೆ 8 ಪೈ. ನಕ್ಷತ್ರ ವರಹಕ್ಕೆ ಮೂರೂವರೆ ರೂಪಾಯಿ. ಎರಡನ್ನೂ ಹಣಕ್ಕೆ ಇಳಿಸಿದರೆ ಸುಲಭ: ನಮ್ಮ ವರಹಕ್ಕೆ ಹತ್ತು ಹಣ, ಅವರ ವರಹಕ್ಕೆ ಹನ್ನೆರಡು.

ಹತ್ತಕ್ಕೂ ಹನ್ನೆರಡಕ್ಕೂ ಇರುವ ಆ ಎರಡು ಹಣದ ಅಂತರ ನೆನಪಿಟ್ಟುಕೊಳ್ಳಿ.

ಸೋತವನು ಯಾವ ನಾಣ್ಯದಲ್ಲಿ ಕೊಡಬೇಕು ಎಂಬ ಪ್ರಶ್ನೆ ಶ್ರೀರಂಗಪಟ್ಟಣಕ್ಕೆ 1792ರಲ್ಲೇ ಬಂದಿತ್ತು. ಮೂರನೇ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸ್‌ನಿಗೆ ಸೋತ ಟಿಪ್ಪು 3 ಕೋಟಿ 30 ಲಕ್ಷ ರೂಪಾಯಿ ದಂಡ ಒಪ್ಪಬೇಕಾಯಿತು. ಅರ್ಧ ರಾಜ್ಯ ಹೋಯಿತು, ಇಬ್ಬರು ಮಕ್ಕಳು ಒತ್ತೆಯಾಳಾದರು. ಇದೆಲ್ಲ ಶಾಲೆಯಲ್ಲಿ ಓದಿದ್ದೇ. ಕರಾರಿನಲ್ಲಿದ್ದ ಇನ್ನೊಂದು ಮಾತನ್ನು ಶಾಲೆಯಲ್ಲಿ ಹೇಳುವುದಿಲ್ಲ. ಅರ್ಧ ಮೊತ್ತವನ್ನು ಕೂಡಲೇ ಕೊಡಬೇಕು. ವರಹ, ಮೊಹರು, ರೂಪಾಯಿ ಯಾವುದಾದರೂ ಸರಿ, ಆದರೆ ಪೂರಾ ತೂಕದ್ದು, ಪೂರಾ ಮಟ್ಟದ್ದು. ಇಲ್ಲವೇ ಚಿನ್ನ ಬೆಳ್ಳಿಯ ಗಟ್ಟಿ. ಟಿಪ್ಪುವಿನ ಟಂಕಸಾಲೆ ನಾಣ್ಯಗಳಿಗೆ ಅಹ್ಮದಿ, ಸಿದ್ದೀಕಿ, ಫಾರೂಕಿ, ಇಮಾಮಿ ಎಂದೆಲ್ಲ ಚಂದದ ಹೆಸರಿತ್ತು. ತಾಮ್ರದ ಕಾಸಿನ ಮೇಲೆ ಆನೆ ನಡೆಯುತ್ತಿತ್ತು. ಗೆದ್ದವನು ಹೆಸರು ನೋಡಲಿಲ್ಲ, ತಕ್ಕಡಿ ನೋಡಿದ.

ಏಳು ವರ್ಷದ ಮೇಲೆ, 1799ರ ಮೇ 4ಕ್ಕೆ, ಪಟ್ಟಣವೇ ಬಿತ್ತು. ಜೂನ್ 22ರ ಒಪ್ಪಂದದಲ್ಲಿ ರಾಜ್ಯವನ್ನು ಕಂಪನಿ, ನಿಜಾಮ, ಮೈಸೂರು ಎಂದು ಹರಿದು ಹಂಚಿದರು. ಐದು ವರ್ಷದ ಮಗು ಮುಮ್ಮಡಿ ಕೃಷ್ಣರಾಜ ಒಡೆಯರ್ ಜೂನ್ 30ರಂದು ಗಾದಿಗೆ ಬಂದರು. ಜುಲೈ 8ರಂದು ಸಹಾಯಕ ಸೈನ್ಯದ ಒಪ್ಪಂದ. ಆ ಮಗುವಿನ ಪಾಲಿಗೆ ಬಂದ ಸೀಮೆಯ ಹುಟ್ಟುವಳಿಯನ್ನು ಹಂಚಿಕೆಯ ಪಟ್ಟಿಯಲ್ಲಿ ಬರೆದದ್ದು 13 ಲಕ್ಷ 74 ಸಾವಿರ ಚಿಲ್ಲರೆ ವರಹ ಎಂದು. ಯಾವ ವರಹ? ಕಂಠೀರಾಯ ವರಹ. ರಕ್ಷಣೆಗೆಂದು ಕಂಪನಿಗೆ ವರ್ಷವರ್ಷ ಕಟ್ಟಬೇಕಾದ ಪೊಗದಿ ಏಳು ಲಕ್ಷ ವರಹ. ಯಾವ ವರಹ? ನಕ್ಷತ್ರ ವರಹ.

ಪಟ್ಟಿಯನ್ನು ಓಡುಗಣ್ಣಿನಲ್ಲಿ ನೋಡಿದವನಿಗೆ ಹದಿಮೂರೂಮುಕ್ಕಾಲರಲ್ಲಿ ಏಳು, ಹತ್ತಿರಹತ್ತಿರ ಅರ್ಧ ಎನಿಸುತ್ತದೆ. ಹಣಕ್ಕೆ ಇಳಿಸಿ ನೋಡಿ. ಏಳು ಲಕ್ಷ ನಕ್ಷತ್ರ ವರಹ ಅಂದರೆ 84 ಲಕ್ಷ ಹಣ, ಅಂದರೆ 8 ಲಕ್ಷ 40 ಸಾವಿರ ಕಂಠೀರಾಯ ವರಹ. ಅರ್ಧವಲ್ಲ, ನೂರಕ್ಕೆ ಅರವತ್ತೊಂದು. ಬರೀ ನಾಣ್ಯದ ಹೆಸರಿನೊಳಗೆ ವರ್ಷಕ್ಕೆ 1 ಲಕ್ಷ 40 ಸಾವಿರ ವರಹ ಅಡಗಿತ್ತು. ಇದನ್ನು ಮೋಸ ಎನ್ನಲಾರೆ. ದರ ಎಲ್ಲರಿಗೂ ಗೊತ್ತಿದ್ದದ್ದೇ. ಒಪ್ಪಂದಕ್ಕೆ ಕೂತ ಕಮಿಷನರುಗಳಿಗೆ ತಮ್ಮ ಸೈನ್ಯದ ಸಂಬಳ ಮದರಾಸಿನ ನಾಣ್ಯದಲ್ಲಿ ಬಟವಾಡೆ ಆಗಬೇಕಿತ್ತು, ಆ ನಾಣ್ಯದಲ್ಲೇ ಕೇಳಿದರು. ಮದರಾಸು ಮೈಸೂರುಗಳ ನಡುವೆ ದರ ಏರಿಳಿದರೆ ನಷ್ಟ ಯಾರಿಗೆ ಎಂಬುದು ಅಲ್ಲಿಗೇ ತೀರ್ಮಾನವಾಯಿತು. ಬಾಕಿಯ ನಾಣ್ಯವನ್ನು ಗೊತ್ತು ಮಾಡುವವನೇ ಯಜಮಾನ. ಪೀಣ್ಯದಲ್ಲಿ ಆರ್ಡರ್ ಹಿಡಿಯುವ ಯಾವ ಹುಡುಗನನ್ನು ಕೇಳಿದರೂ ಇದನ್ನು ಹೇಳುತ್ತಾನೆ.

ಪೊಗದಿ ಹನ್ನೆರಡು ಕಂತು, ತಿಂಗಳಿಗೊಂದು. ಕಂತಿಗೆ 58,333 ನಕ್ಷತ್ರ ವರಹ, ಮೇಲೆ ಮೂರರಲ್ಲೊಂದು. ರೈತ ಕಂದಾಯ ಕಟ್ಟುವುದು ಸುಗ್ಗಿಗೆ, ಕಂಪನಿ ಕೇಳುವುದು ತಿಂಗಳಿಗೆ. ನಡುವಿನ ತಿಂಗಳುಗಳಲ್ಲಿ ಯಾರು ಕೊಡಬೇಕು? ಸಾಹುಕಾರ, ಶರಾಫ. ಅವನ ಬಡ್ಡಿ ಒಂದು, ವಟ್ಟ ಇನ್ನೊಂದು.

ಆ ಕಾಲದ ಪೇಟೆಯಲ್ಲಿ ಓಡಾಡುತ್ತಿದ್ದ ನಾಣ್ಯಗಳ ಸಂತೆಯನ್ನು ನೆನೆಸಿಕೊಂಡರೆ ಶರಾಫ ಇಲ್ಲದೆ ಒಂದು ಸೇರು ಉಪ್ಪು ಕೊಳ್ಳುವುದೂ ಕಷ್ಟವಿತ್ತು ಎನಿಸುತ್ತದೆ. 1800ರಲ್ಲಿ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯ ಮೇಲೆ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಬೆಂಗಳೂರು, ಶ್ರೀರಂಗಪಟ್ಟಣಗಳ ನಾಣ್ಯ, ತೂಕ, ಅಳತೆಗಳನ್ನು ಬೇಸರವಿಲ್ಲದೆ ಬರೆದಿಟ್ಟಿದ್ದಾನೆ. ಕಂಠೀರಾಯ ಹಣ, ಸುಲ್ತಾನಿ ಹಣ, ಬಿದನೂರು ಗೆದ್ದ ಮೇಲೆ ಹೈದರ್ ಹಾಕಿಸಿದ ಬಹಾದ್ದೂರಿ ವರಹ, ಅದಕ್ಕೂ ಹಿಂದಿನ ಇಕ್ಕೇರಿ ವರಹ, ನಾನಾ ಟಂಕಸಾಲೆಯ ರೂಪಾಯಿ. ಬಹಾದ್ದೂರಿ ವರಹದ ಒಂದು ಮುಖದಲ್ಲಿ ಹೈದರನ ಹೆಸರಿನ ಪಾರ್ಸಿ ಅಕ್ಷರ, ಇನ್ನೊಂದರಲ್ಲಿ ಇಕ್ಕೇರಿಯವರ ಶಿವ ಪಾರ್ವತಿ ಹಾಗೇ ಕೂತಿದ್ದರು. ಪೇಟೆ ನಂಬಿದ ಮುಖವನ್ನು ಹೈದರ್ ಮುಟ್ಟಲಿಲ್ಲ. ನಾಣ್ಯದ ವಿಷಯದಲ್ಲಿ ಅವನು ಮಗ ಟಿಪ್ಪುವಿಗಿಂತ ವ್ಯವಹಾರಸ್ಥ ಎಂದು ನನ್ನ ಅಭಿಪ್ರಾಯ.

ಈ ಗೊಂದಲದಲ್ಲಿ ಪೊಗದಿಯನ್ನು ತಪ್ಪದೆ ಕಟ್ಟಿದವರು ದಿವಾನ್ ಪೂರ್ಣಯ್ಯ. ಹಳೇ ಕಂಠೀರಾಯ ಹಣವನ್ನು ಮತ್ತೆ ಅಚ್ಚು ಹಾಕಿಸಿದರು. ಅದಕ್ಕೆ ಗಿಡ್ಡ ಕಂಠೀರಾಯ ಹಣ ಎಂದು ಹೆಸರಾಯಿತು. 1811ರಲ್ಲಿ ಅವರು ಅಧಿಕಾರ ಬಿಟ್ಟಾಗ ಬೊಕ್ಕಸದಲ್ಲಿ ಎರಡು ಕೋಟಿ ರೂಪಾಯಿಗೂ ಮೇಲಿತ್ತು ಎಂದು ಇತಿಹಾಸಕಾರರು ಬರೆಯುತ್ತಾರೆ. ಪೊಗದಿ ಕಟ್ಟಿ, 1807ರ ಪೂರಕ ಒಪ್ಪಂದದಂತೆ 4,000 ಕುದುರೆ ಸವಾರರನ್ನು ಸಾಕಿ, ಇಷ್ಟು ಉಳಿಸಿದ್ದು ರೈತನ ಬೆನ್ನ ಮೇಲಲ್ಲದೆ ಇನ್ನೆಲ್ಲಿ ಎಂದು ಕೇಳುವವರೂ ಇದ್ದಾರೆ. ಕೇಳಬೇಕಾದ್ದೇ.

ಅಷ್ಟರಲ್ಲಿ ಮದರಾಸಿನಲ್ಲೇ ನಕ್ಷತ್ರ ವರಹದ ದಿನ ಮುಗಿಯಿತು. 1818ರಲ್ಲಿ ಕಂಪನಿ ಅಲ್ಲಿ ಬೆಳ್ಳಿಯ ರೂಪಾಯಿಯನ್ನು ಪ್ರಮಾಣ ನಾಣ್ಯ ಮಾಡಿತು: ನೂರು ನಕ್ಷತ್ರ ವರಹಕ್ಕೆ 350 ರೂಪಾಯಿ. ಅಲ್ಲಿಯವರೆಗೆ ಏರಿಳಿಯುತ್ತಿದ್ದ ದರ ಕಲ್ಲಿನಲ್ಲಿ ಕೊರೆದಂತಾಯಿತು, ಏಳು ಲಕ್ಷ ವರಹ 24 ಲಕ್ಷ 50 ಸಾವಿರ ರೂಪಾಯಿಯಾಗಿ ನಿಂತಿತು. 1835ರ ಕಾಯ್ದೆ ಕಂಪನಿಯ ಸೀಮೆಗೆಲ್ಲ ಒಂದೇ ರೂಪಾಯಿ ತಂದಿತು: ಒಂದು ತೊಲ ತೂಕ, ಹನ್ನೆರಡರಲ್ಲಿ ಹನ್ನೊಂದು ಪಾಲು ಶುದ್ಧ ಬೆಳ್ಳಿ. ಆಗ ಮೈಸೂರಿನಲ್ಲಿ ಆಳುತ್ತಿದ್ದವರೂ ಅವರೇ. 1831ರಲ್ಲಿ, ನಗರ ಸೀಮೆಯ ದಂಗೆಯ ಬೆನ್ನಿಗೆ, ಪೊಗದಿಗೆ ಧಕ್ಕೆ ಬರುವ ಭಯವಿದ್ದರೆ ಆಡಳಿತ ವಹಿಸಿಕೊಳ್ಳಬಹುದೆಂಬ 1799ರ ಕಲಮನ್ನೇ ಹಿಡಿದು ಗವರ್ನರ್ ಜನರಲ್ ಬೆಂಟಿಂಕ್ ರಾಜ್ಯವನ್ನು ಕಿತ್ತುಕೊಂಡಿದ್ದ.

ಟಂಕಸಾಲೆಯನ್ನು 1833ರಲ್ಲಿ ಮೈಸೂರಿನಿಂದ ಬೆಂಗಳೂರಿಗೆ ತಂದರು. ಅಲ್ಲಿ ಕೊನೆಕೊನೆಗೆ ಅಚ್ಚಾದದ್ದು ಸಿಂಹದ ಗುರುತಿನ ತಾಮ್ರದ ಕಾಸು. ಮೇಲೆ ಕನ್ನಡದಲ್ಲಿ ಮಯಿಲಿ ಕಾಸು, ಇಂಗ್ಲಿಷಿನಲ್ಲಿ ಕ್ಯಾಶ್, ಪಾರ್ಸಿಯಲ್ಲಿ ಟಂಕಸಾಲೆಯ ಊರು. ಒಂದು ತಾಮ್ರದ ಬಿಲ್ಲೆಯ ಮೇಲೆ ಮೂರು ಸರ್ಕಾರಗಳ ಭಾಷೆ. 1843ರಲ್ಲಿ ಆ ಟಂಕಸಾಲೆಯೂ ಮುಚ್ಚಿತು. ಎರಡು ಶತಮಾನದ ಕಂಠೀರಾಯ ಹಣ ಮಾತಿನಲ್ಲಿ ಉಳಿಯಿತು, ಪೇಟೆಯಿಂದ ಹೋಯಿತು.

ಇಲ್ಲಿಂದ ಲೆಕ್ಕ ತಿರುಗುತ್ತದೆ, ನನಗೆ ಇಡೀ ಕಥೆಯಲ್ಲಿ ರುಚಿಸಿದ ಭಾಗ ಇದೇ. ಪೊಗದಿ ಚಿನ್ನದಲ್ಲಿ ಹುಟ್ಟಿ ಬೆಳ್ಳಿಯಲ್ಲಿ ನಿಂತಿತಲ್ಲ? 1870ರ ದಶಕದಲ್ಲಿ ಲೋಕದಲ್ಲೆಲ್ಲ ಬೆಳ್ಳಿ ಕುಸಿಯತೊಡಗಿತು. ಸುಮಾರು ಎರಡು ಶಿಲಿಂಗ್ ಬಾಳುತ್ತಿದ್ದ ರೂಪಾಯಿ 1890ರ ದಶಕದ ನಡುವಿಗೆ ಒಂದು ಶಿಲಿಂಗ್ ಒಂದು ಪೆನ್ನಿಯ ಆಸುಪಾಸಿಗೆ ಇಳಿಯಿತು. 1893ರಲ್ಲಿ ಟಂಕಸಾಲೆಗಳಿಗೆ ಖಾಸಗಿ ಬೆಳ್ಳಿ ತರುವುದನ್ನು ನಿಲ್ಲಿಸಿ, 1899ರಲ್ಲಿ ಸವರನ್ನಿಗೆ 15 ರೂಪಾಯಿ ಎಂದು ಕಟ್ಟಿಹಾಕಿದರು. ನಕ್ಷತ್ರ ವರಹದಲ್ಲಿದ್ದ ಶುದ್ಧ ಚಿನ್ನ ಸುಮಾರು 2.7 ಗ್ರಾಮ್, ಸವರನ್ನಿನಲ್ಲಿ 7.32. ಒರಟು ಲೆಕ್ಕ ಹಾಕಿದರೆ 1899ರಲ್ಲಿ ಒಂದು ನಕ್ಷತ್ರ ವರಹದ ಚಿನ್ನಕ್ಕೆ ಐದೂವರೆ ರೂಪಾಯಿ. ಒಪ್ಪಂದದ ಮೂಲ ನಾಣ್ಯದಲ್ಲೇ ಕೊಡಿ ಎಂದು ಪಟ್ಟು ಹಿಡಿದಿದ್ದರೆ ಮೈಸೂರು ವರ್ಷಕ್ಕೆ 38 ಲಕ್ಷದ ಮೇಲೆ ಕಟ್ಟಬೇಕಿತ್ತು. ತಮ್ಮ ಅನುಕೂಲಕ್ಕೆಂದು ಅವರೇ ಬಿಗಿದ ಮೂರೂವರೆಯ ಗಂಟು ಮೈಸೂರನ್ನು ಕಾಪಾಡಿತು.

ಪೂರ್ತಿ ಕಾಪಾಡಿತು ಎನ್ನುವಂತಿಲ್ಲ. 1881ರ ಮಾರ್ಚ್ 25ರಂದು ಚಾಮರಾಜ ಒಡೆಯರಿಗೆ ರಾಜ್ಯ ಮರಳಿಸಿದಾಗ ಪೊಗದಿಯನ್ನು 35 ಲಕ್ಷಕ್ಕೆ ಏರಿಸಿದರು. ಬೆಳ್ಳಿ ಕಳೆದುಕೊಂಡದ್ದನ್ನು ಕಲಮಿನಿಂದ ತುಂಬಿಕೊಂಡರೇನೋ ಎನಿಸುವಷ್ಟು ಹತ್ತಿರದ ಅಂಕಿ. ಆದರೆ ಅವರು ಮುಂದಿಟ್ಟ ಕಾರಣ ಸೈನ್ಯದ ಖರ್ಚು. 1876ರಿಂದ 78ರ ಬರದಲ್ಲಿ ಸಂಸ್ಥಾನ ಭಾರತ ಸರ್ಕಾರಕ್ಕೆ 80 ಲಕ್ಷ ಸಾಲ ಬಿದ್ದಿತ್ತು, ಜನ ಸತ್ತು ಊರುಗಳು ಬರಿದಾಗಿದ್ದವು. ಹಾಗಾಗಿ ಹೆಚ್ಚಿನ ಹತ್ತೂವರೆ ಲಕ್ಷವನ್ನು ಮೊದಲು ಐದು ವರ್ಷ, ಆಮೇಲೆ ಇನ್ನೂ ಹತ್ತು ವರ್ಷ ಮುಂದೂಡಿದರು. ಅದೇ ಪತ್ರದಲ್ಲಿ ಇನ್ನೊಂದು ಕರಾರು: ಬಹುಕಾಲದಿಂದ ನಿಂತುಹೋಗಿರುವ ಮೈಸೂರಿನ ಪ್ರತ್ಯೇಕ ನಾಣ್ಯವನ್ನು ಮತ್ತೆ ಚಾಲ್ತಿಗೆ ತರಕೂಡದು. ರಾಜ್ಯ ಹಿಂದಕ್ಕೆ ಬಂತು, ಅಚ್ಚು ಬರಲಿಲ್ಲ.

ಅಚ್ಚಿಲ್ಲದ ಆ ರಾಜ್ಯದ ನೆಲದಡಿಯಲ್ಲಿ ಅದೇ ದಶಕದಲ್ಲಿ ಚಾಂಪಿಯನ್ ರೀಫಿನ ಚಿನ್ನ ಸಿಕ್ಕಿತು. ಕೋಲಾರದ ಗಣಿ ನಡೆಸಿದ ಜಾನ್ ಟೇಲರ್ ಕಂಪನಿಯ ಜಾಣತನ ಮೈಸೂರಿನ ಸಂಕಟದ ತಲೆಕೆಳಗು ರೂಪ. ಕೂಲಿ ಕೊಡುವುದು ಇಳಿಯುತ್ತಿರುವ ಬೆಳ್ಳಿಯ ರೂಪಾಯಿಯಲ್ಲಿ, ಚಿನ್ನ ಮಾರುವುದು ಲಂಡನ್ನಿನಲ್ಲಿ ಪೌಂಡಿಗೆ. ರೂಪಾಯಿ ಬಿದ್ದಷ್ಟೂ ಅವರ ಕೂಲಿಯ ಖರ್ಚು ಪೌಂಡಿನಲ್ಲಿ ಕರಗುತ್ತಿತ್ತು. ಸಂಸ್ಥಾನಕ್ಕೆ ನೂರಕ್ಕೆ ಐದು ರಾಜಧನ. ಹೊರದೇಶಕ್ಕೆ ಮಾಲು ಕಳಿಸುವ ಪೀಣ್ಯದ ಶೆಡ್ಡಿನವರು ಇವತ್ತು ರೂಪಾಯಿ ಬಿದ್ದ ದಿನ ಸದ್ದಿಲ್ಲದೆ ನಗುವುದು ಇದೇ ಕಾರಣಕ್ಕೆ. ಟೇಲರ್ ಕಂಪನಿ ನಕ್ಕಷ್ಟು ಅಲ್ಲ, ಬಿಡಿ.

ಹೆಚ್ಚಿಸಿದ ಹತ್ತೂವರೆ ಲಕ್ಷವನ್ನು ಕೊನೆಗೆ ವೈಸರಾಯ್ ಇರ್ವಿನ್ ಕಾಲದಲ್ಲಿ ಬಿಟ್ಟುಕೊಟ್ಟರು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ವರ್ಷವಾದ 1927ರಲ್ಲಿ ಅದರ ಘೋಷಣೆಯಾಯಿತು. ಉಳಿದದ್ದು ಎಷ್ಟು? 24 ಲಕ್ಷ 50 ಸಾವಿರ. ಕೃಷ್ಣರಾಜಸಾಗರ ಕಟ್ಟಿ, ಭದ್ರಾವತಿಯಲ್ಲಿ ಕಬ್ಬಿಣ ಕರಗಿಸಿ, ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಹಾಕಿದ ಸರ್ಕಾರದ ಖರ್ಚಿನ ಪಟ್ಟಿಯಲ್ಲಿ 1799ರ ಏಳು ಲಕ್ಷ ನಕ್ಷತ್ರ ವರಹ, ನೂರಕ್ಕೆ 350ರ ಹಳೇ ದರದಲ್ಲಿ, ಒಂದು ಕಾಸೂ ಹೆಚ್ಚುಕಮ್ಮಿಯಿಲ್ಲದೆ ಕೂತಿತ್ತು.

ನಮ್ಮ ಶೆಡ್ಡಿನ ಅಟ್ಟದಲ್ಲಿ 1991ರ ಲೆಡ್ಜರ್ ಇದೆ, ಅಂಚು ಗೆದ್ದಲು ತಿಂದದ್ದು. ನನಗಿಂತ ಹಿಂದಿನವರು ನೀಲಿ ಶಾಯಿಯಲ್ಲಿ ಬರೆದಿದ್ದಾರೆ. ಜೂನ್ ಪುಟದಲ್ಲಿ ಹೊರದೇಶದ ಬೇರಿಂಗಿಗೆ 4,000 ಡಾಲರ್ ಬಾಕಿ, ಎದುರಿಗೆ 84,000 ರೂಪಾಯಿ. ಆಗ ಡಾಲರಿಗೆ ಸುಮಾರು 21. ಜುಲೈ 1ರಂದು ರಿಸರ್ವ್ ಬ್ಯಾಂಕು ರೂಪಾಯಿಯನ್ನು ಒಂದು ಮೆಟ್ಟಿಲು ಇಳಿಸಿತು, 3ರಂದು ಇನ್ನೊಂದು. ದರ 26ರ ಹತ್ತಿರ ಬಂತು. ಜುಲೈ ಪುಟದಲ್ಲಿ ಅದೇ ಬೇರಿಂಗ್, ಅದೇ 4,000 ಡಾಲರ್, ಎದುರಿಗೆ 1,04,000. ಹಳೆಯ ಅಂಕಿಯನ್ನು ಹೊಡೆದುಹಾಕಿಲ್ಲ; ಪಕ್ಕದಲ್ಲಿ ಕೆಂಪು ಶಾಯಿಯ ಒಂದು ಗೆರೆ ಮಾತ್ರ. 1949ರ ಸೆಪ್ಟೆಂಬರಿನಲ್ಲಿ 3.30ರಿಂದ 4.76, 1966ರ ಜೂನ್ 6ರಂದು 4.76ರಿಂದ 7.50 ಆದಾಗಲೂ ಎಷ್ಟೋ ಲೆಡ್ಜರುಗಳಲ್ಲಿ ಇಂಥ ಗೆರೆ ಬಿದ್ದಿರಬೇಕು. ಆಗ ಪೀಣ್ಯದ ಈ ಭಾಗ ಇನ್ನೂ ರಾಗಿ ಹೊಲ.

ಅದೇ ಜುಲೈನಲ್ಲಿ ದೇಶ ಸುಮಾರು 47 ಟನ್ ಚಿನ್ನವನ್ನು ಹೊರಗೆ ಒತ್ತೆಯಿಟ್ಟು 40 ಕೋಟಿ ಡಾಲರ್ ಸಾಲ ತಂದಿತು. ಲೆಕ್ಕ ಬರೆಯುವವನ ಚಟ, ಭಾಗಿಸಿ ನೋಡಿದೆ: ಏಳು ಲಕ್ಷ ನಕ್ಷತ್ರ ವರಹದಲ್ಲಿ ಹೆಚ್ಚೂಕಡಿಮೆ 1.9 ಟನ್ ಚಿನ್ನ. ನಲವತ್ತೇಳು ಟನ್ ಅಂದರೆ ಮೈಸೂರಿನ ಇಪ್ಪತ್ತೈದು ವರ್ಷದ ಪೊಗದಿ. ವಿಮಾನದಲ್ಲಿ ಹೋದ ಆ ಚಿನ್ನಕ್ಕೆ ದೇಶವೆಲ್ಲ ಮರುಗಿತು. ತಿಂಗಳಿಗೊಂದು ಕಂತಿನಂತೆ ಹೋದದ್ದಕ್ಕೆ ಮರುಗಿದವರು ಕಡಿಮೆ.

ಟರ್ನರ್ ಈಗ ನಿವೃತ್ತರು. ಹೋಗುವ ಮುಂಚೆ ಒಂದು ದಿನ ತಂಬಾಕಿನ ಡಬ್ಬಿಯಂಥ ಪುಟ್ಟ ಡಬ್ಬಿ ತಂದು ತೋರಿಸಿದರು. ಒಳಗೆ ಹತ್ತಿಯಲ್ಲಿ ಅವರ ಅಜ್ಜಿಯ ಎರಡು ಚಿನ್ನದ ಚೂರು, ಒಂದಕ್ಕೆ ಸರಕ್ಕೆ ಪೋಣಿಸಲು ತೂತು ಕೊರೆದಿತ್ತು. ಅಕ್ಕಸಾಲಿಗರು ಕರಗಿಸಿದರೆ ಉಂಗುರದ ಒಂದು ಸುತ್ತಿಗೂ ಆಗದು ಎಂದಿದ್ದರಂತೆ. ನಿಮ್ಮ ಮನೆಯ ಹಳೇ ಪೆಟ್ಟಿಗೆಯಲ್ಲೂ ಇಂಥದೊಂದು ಸಿಕ್ಕರೆ ತೂಕಕ್ಕೆ ಹಾಕಬೇಡಿ. ಮೊದಲು ಭೂತಗನ್ನಡಿ ಹಿಡಿದು ನೋಡಿ, ಚುಕ್ಕಿಗಳ ನಡುವೆ ನರಸಿಂಹ ಕೂತಿರಬಹುದು.